ಬಡಿಸುವವರ ಸರದಿ

ನಮ್ಮೂರಿಗೆ ಶುಕ್ರವಾರಕ್ಕೊಮ್ಮೆ ವಿಮಾನ ಬರುತ್ತದೆ. ಊರಾಚೆಯ ಕಣದ ಬಯಲಿನಲ್ಲಿ ಇಳಿದು, ಒಬ್ಬರನ್ನು ಹತ್ತಿಸಿಕೊಂಡು, ಹಗಲೆಲ್ಲ ಮೇಲೆ ಸುತ್ತಾಡಿಸಿ, ದನಗಳು ಮನೆಗೆ ತಿರುಗುವ ಹೊತ್ತಿಗೆ ಮರಳಿ ತಂದು ಬಿಡುತ್ತದೆ. ಒಳಗಿರುವುದು ಒಂದೇ ಆಸನ, ಮೊದಲ ದರ್ಜೆಯದು. ನಮ್ಮೂರಿನಲ್ಲಿ ಹುಟ್ಟಿದವರಿಗೆ, ಸೊಸೆಯಾಗಿ ಬಂದವರಿಗೆ, ಬದುಕಿನಲ್ಲಿ ಒಮ್ಮೆ ಅದರಲ್ಲಿ ಕೂರುವ ಸರದಿ ಸಿಗುತ್ತದೆ. ಎರಡನೆಯ ಸಲ ಯಾರಿಗೂ ಇಲ್ಲ. ಒಂದು ಸುತ್ತಿಗೆ ಮನೆಗೊಬ್ಬರಂತೆ, ಓಣಿಯಿಂದ ಓಣಿಗೆ ಸರದಿ ನಡೆಯುತ್ತದೆ. ಊರೆಲ್ಲ ಮುಗಿದು ಮತ್ತೆ ಮೊದಲ ಮನೆಗೆ ಬರುವಷ್ಟರಲ್ಲಿ ಹೆಗಲ ಮೇಲಿನ ಕೂಸುಗಳಿಗೆ ಮದುವೆಯಾಗಿರುತ್ತದೆ. ಮುಂದೆ ಯಾವ ಮನೆ ಎಂಬುದು ಎಲ್ಲರಿಗೂ ಗೊತ್ತಿದ್ದರೂ, ಸಂಜೆ ವಿಮಾನ ಇಳಿದು, ಗಗನಸಖಿ ಬಾಗಿಲಲ್ಲಿ ನಿಂತು ಹೆಸರು ಕೂಗಿದ ಮೇಲೆಯೇ ಅದು ಪಕ್ಕಾ. ಹೆಸರು ಬಂದವರು ಮುಂದಿನ ಶುಕ್ರವಾರ ಹೋಗಲೇಬೇಕು. ವಿಮಾನ ನಡೆಸುವವರನ್ನು ಯಾರೂ ನೋಡಿಲ್ಲ. ಅದರ ಬಗ್ಗೆ ನಮ್ಮೂರಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಎಲ್ಲರ ಚಿಂತೆ ಒಂದೇ: ಮೇಲೆ ಹೋದ ಮೇಲೆ ಆಕೆ ಮುಂದಿಡುವುದನ್ನು ಹೇಗೆ ತಿನ್ನುವುದು, ಹೇಗೆ ಕುಡಿಯುವುದು.

ಆಕೆ ಮುಂದಿಡುವುದು ಶಾಂಪೇನ್ ಮತ್ತು ಕ್ಯಾವಿಯರ್ ಎಂಬ ಮೀನಿನ ಮೊಟ್ಟೆ. ನಮ್ಮೂರ ಬಾಯಲ್ಲಿ ಅವು ಗುಳ್ಳೆನೀರು ಮತ್ತು ಕರೀ ತತ್ತಿ.

ನನ್ನ ಹೆಸರು ನೀಲಗಂಗಾ. ಬಜಾರದ ತುದಿಯಲ್ಲಿ, ಮನೆಯ ಮುಂಭಾಗದಲ್ಲೇ, ನನ್ನದೊಂದು ಖಾನಾವಳಿ ಇದೆ. ಜೋಳದ ರೊಟ್ಟಿ, ಎರಡು ಪಲ್ಯ, ಬೇಳೆ ಸಾರು, ಶೇಂಗಾ ಚಟ್ನಿ. ಹಿಂದಿನ ಸುತ್ತಿನಲ್ಲಿ ನಮ್ಮ ಮನೆಯಿಂದ ಹೋದವರು ನನ್ನ ಯಜಮಾನರು, ಮುರಿಗೆಪ್ಪ. ಹೋಗುವಾಗ ಹುಲಿಯಂತೆ ಹೋದವರು, ಬಂದಾಗ ತೊಯ್ದ ಕೋಳಿಯಂತೆ ಬಂದರು. ಉದ್ದ ಕಾಲಿನ ಗ್ಲಾಸನ್ನು ತಂಬಿಗೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಮೈಮೇಲೆ ಚೆಲ್ಲಿಕೊಂಡಿದ್ದರಂತೆ. ಕರೀ ತತ್ತಿಯನ್ನು ನೋಡಿ ಹೆದರಿ ಕಣ್ಣು ಮುಚ್ಚಿಕೊಂಡಿದ್ದರಂತೆ. ಆ ನಾಚಿಕೆಯಲ್ಲಿ ಕಿಟಕಿಯ ಕಡೆ ನೋಡಿದ್ದೂ ಅರ್ಧಮರ್ಧ. ಆಮೇಲೆ ಎಷ್ಟೋ ತಿಂಗಳು ಅದನ್ನೇ ನನಗೆ ತಿಳಿಸಿ ಹೇಳಲು ಹೆಣಗಿದರು. ನಾನು ಗೋಲಿ ಸೋಡಾ ಒಡೆದು, ಕಾಮಕಸ್ತೂರಿ ಬೀಜ ನೆನೆಸಿ ಮುಂದಿಟ್ಟು, "ಹಿಂಗಿತ್ತೇನ್ರಿ?" ಎಂದು ಕೇಳುತ್ತಿದ್ದೆ. "ಹಂಗಲ್ಲ," ಅನ್ನುತ್ತಿದ್ದರು. ಸೋಡಾಕ್ಕೆ ಬೆಲ್ಲ ಹಾಕಿದೆ, ಬೀಜಕ್ಕೆ ಉಪ್ಪು ಹಾಕಿದೆ. ಆಗಲೂ ಹಂಗಲ್ಲ. ಹೋಗಿ ಬಂದವರೆಲ್ಲರ ಪಾಡೂ ಇದೇ ಇತ್ತು. ಅವರು ಹೇಳುತ್ತಾರೆ, ಕೇಳುವವರು ಹೂಂಗುಡುತ್ತಾರೆ, ಕೊನೆಗೆ ಹೇಳುವವರು ಬೇಸತ್ತು ಸುಮ್ಮನಾಗುತ್ತಾರೆ. ನನ್ನ ಯಜಮಾನರೂ ಹಾಗೆಯೇ ಸುಮ್ಮನಾದರು. ತೀರಿಕೊಂಡು ಈಗ ಬಹಳ ವರ್ಷವಾಯಿತು.

ಆದರೆ ನನ್ನ ಸೋಡಾ ಮತ್ತು ಬೀಜದ ಸುದ್ದಿ ಊರಲ್ಲಿ ಹಬ್ಬಿತ್ತು. ಪಕ್ಕದ ಓಣಿಯ ಕುಂಬಾರರ ಶಾಂತವ್ವ ತನ್ನ ಸರದಿಗೆ ಮೊದಲು ಬಂದು, "ಯಕ್ಕಾ, ನನಗೂ ಒಂದೀಟ ರೂಢಿ ಮಾಡಸ," ಅಂದಳು. ಅಲ್ಲಿಂದ ಶುರುವಾಯಿತು. ಪ್ರತಿ ಗುರುವಾರ ಮಧ್ಯಾಹ್ನದ ಪಂಕ್ತಿ ಮುಗಿದ ಮೇಲೆ ಮರುದಿನ ಹೋಗುವವರು ನನ್ನ ಖಾನಾವಳಿಗೆ ಬರುವುದು ರೂಢಿಯಾಯಿತು. ಗ್ಲಾಸನ್ನು ಕಾಲಲ್ಲಿ ಹಿಡಿಯಬೇಕು, ಹೊಟ್ಟೆಯಲ್ಲಲ್ಲ. ತತ್ತಿಯನ್ನು ಉಕ್ಕಿನ ಚಮಚದಿಂದ ಮುಟ್ಟಬಾರದು, ರುಚಿ ಕೆಡುತ್ತದೆ. ಅದಕ್ಕೇ ಆಕೆ ಚಿಪ್ಪಿನ ಚಮಚ ಕೊಡುತ್ತಾಳೆ. ಹೊಳೆಯ ಕಪ್ಪೆಚಿಪ್ಪು ಉಜ್ಜಿ ನಾನೂ ಅಂಥ ಒಂದು ಮಾಡಿಸಿಟ್ಟಿದ್ದೆ. ಪುಟ್ಟ ದೋಸೆಯಂಥದ್ದು ಕೊಡುತ್ತಾಳೆ, ಹುಳಿ ಕೆನೆ ಕೊಡುತ್ತಾಳೆ, ಅದರ ಮೇಲೆ ತತ್ತಿ. ಜಗಿಯಬಾರದು, ನಾಲಗೆಯಿಂದ ಮೇಲಕ್ಕೆ ಒತ್ತಬೇಕು. ಇದೆಲ್ಲ ಹೋಗಿ ಬಂದವರಿಂದಲೇ ಕೇಳಿ, ಕೇಳಿ, ನಾನು ಕಲಿತದ್ದು. ನಮ್ಮ ಊರಲ್ಲಿ ಮೀನು ಮುಟ್ಟದವರು, ಹೆಂಡ ಮುಟ್ಟದವರು ಬಹಳ. ನಾನೂ ಅವರಲ್ಲೊಬ್ಬಳು. ಅವರಿಗೆ ಒಂದೇ ಮಾತು ಹೇಳುತ್ತಿದ್ದೆ: "ತಿನ್ನೂದು ಬಿಡೂದು ನಿಮಗ ಬಿಟ್ಟದ್ದು. ಮಾರಿ ಮಾತ್ರ ಸಿಂಡರಸಬ್ಯಾಡ್ರಿ. ಬಡಸಿದಾಕಿಗೆ ಬ್ಯಾಸರಾಗತೈತಿ."

ಬಡಿಸುವ ಕೆಲಸ ಏನೆಂದು ನನಗೆ ಗೊತ್ತಿತ್ತು. ಹಾಗಾಗಿ ಗಗನಸಖಿಯ ವಿಚಾರವನ್ನು ಹೋಗಿ ಬಂದವರಲ್ಲಿ ಕೆದಕಿ ಕೆದಕಿ ಕೇಳುತ್ತಿದ್ದೆ. ಎಡ ಮುಂಗೈ ಮೇಲೆ ಸುಟ್ಟ ಕಲೆ ಇದೆ ಅಂದರು. ಗುನುಗುತ್ತಾಳೆ ಅಂದರು. ಎಷ್ಟು ಹೊತ್ತಾದರೂ ಕೂರುವುದಿಲ್ಲ ಅಂದರು. ಅದನ್ನು ಕೇಳಿದಾಗ ನನ್ನ ಮೊಣಕಾಲಿಗೇ ನೋವು ಎದ್ದಂತಾಯಿತು. ಅಂದಿನಿಂದ ಕಲಿಸುವಾಗ ಇನ್ನೊಂದು ಮಾತು ಸೇರಿಸಿದೆ. "ಮೊದಲ ತುತ್ತು ಬಾಯಿಗಿಡೂಕಿಂತ ಮುಂಚೆ ಆಕೀನ ಕೇಳ್ರಿ, ಊಟ ಆತೇನ್ರಿ ನಿಮ್ದು ಅಂತ."

ಮೊದಮೊದಲು, "ನಗ್ತಾಳ, ಏನೂ ಹೇಳೂದಿಲ್ಲ," ಎಂಬ ಉತ್ತರ ಬರುತ್ತಿತ್ತು. ಒಂದು ಶುಕ್ರವಾರ ಬಂದವರು, "ಇದನ್ನು ನಿಮಗೆ ಯಾರು ಹೇಳಿಕೊಡುತ್ತಾರೆ ಅಂತ ಕೇಳಿದ್ಲು," ಅಂದರು. ಮುಂದಿನ ವಾರ ಹೋದವರ ಕೈಯಲ್ಲಿ ನಾನು ಒಂದು ಡಬ್ಬಿ ಕಳಿಸಿದೆ. ರೊಟ್ಟಿ, ಎಣ್ಣೆಗಾಯಿ, ಮೊಸರು. ಡಬ್ಬಿ ತೊಳೆದು ಮರಳಿ ಬಂತು. ಒಳಗೆ ಶಾಂಪೇನಿನ ಬಿರಡೆ, ದುಂಡಗೆ, ಅಣಬೆಯಂತೆ. ಆಮೇಲೆ ವಾರವಾರವೂ ಡಬ್ಬಿ ಮೇಲೆ ಹೋಗುವುದು, ಖಾಲಿಯಾಗಿ ಕೆಳಗೆ ಬರುವುದು. "ಚಟ್ನಿಗೆ ಖಾರ ಕಡಿಮೆಯಾಗಿದೆ ಅಂತ ಹೇಳಿ ಅಂದ್ಲು," ಎಂದು ಒಬ್ಬರು ತಂದು ಮುಟ್ಟಿಸಿದರು. ನನಗೆ ಸಿಟ್ಟೂ ಬಂತು, ನಗೆಯೂ ಬಂತು. ಖಾರ ನಿಜಕ್ಕೂ ಕಡಿಮೆಯಾಗಿತ್ತು. ಹೀಗೆ ಒಮ್ಮೆಯೂ ಮುಖ ನೋಡದ ಒಬ್ಬ ಗೆಳತಿ ನನಗಾದಳು. ಸಂಜೆ ಬಾಗಿಲಲ್ಲಿ ನಿಂತು ಹೆಸರು ಕೂಗುವಾಗ ದೂರದಿಂದ ನೋಡುತ್ತಿದ್ದೆ. ಆದರೆ ಅಷ್ಟು ಎತ್ತರದಿಂದ ಆಕೆಗೆ ಜನರ ನಡುವಿನ ನಾನು ಯಾರೆಂದು ಹೇಗೆ ಗೊತ್ತಾಗಬೇಕು?

ಆ ವರ್ಷ ಶೇಂಗಾ ಕೀಳುವ ಕಾಲಕ್ಕೆ ಸರದಿ ನಮ್ಮ ಮನೆಗೆ ಬಂತು. ಬಾಗಿಲಲ್ಲಿ ನಿಂತು, "ಮುಂದಿನ ಶುಕ್ರವಾರ, ನೀಲಗಂಗಾ," ಎಂದು ಕೂಗಿದಳು. ಕೂಗುವಾಗ ಅವಳ ದನಿ ಒಂಚೂರು ಮೇಲೇರಿತು ಎಂದು ಎಲ್ಲರೂ ಹೇಳಿದರು.

ನನ್ನ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆ ಸಿಂಪಿಗರ ಏಕನಾಥಣ್ಣನದು. ಊರಲ್ಲಿ ವಿಮಾನ ಹತ್ತಿದವರೆಲ್ಲ ಅವನು ಹೊಲಿದದ್ದನ್ನೇ ತೊಟ್ಟು ಹತ್ತಿದ್ದಾರೆ. ನನ್ನ ನಂತರದ ಸರದಿ ಅವನದು. ಆದರೆ ಅವನು ಆರೇಳು ತಿಂಗಳಿಂದ ಹಾಸಿಗೆ ಹಿಡಿದಿದ್ದ. ಎದೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಡಾಕ್ಟರು ಮಗ ಗ್ಯಾನೋಬನನ್ನು ಹೊರಗೆ ಕರೆದು ಏನೋ ಹೇಳಿದ್ದರು. ಅಂದಿನಿಂದ ಹುಡುಗ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಅಪ್ಪ ಆ ಒಂದು ಶುಕ್ರವಾರದ ತನಕ ಇರಲಿ ಎಂಬುದೇ ಅವನ ಹರಕೆ. ನನ್ನ ಕುಪ್ಪಸವನ್ನು ಏಕನಾಥಣ್ಣ ದಿಂಬಿಗೊರಗಿ ಕುಳಿತು, ಮಷೀನಿಲ್ಲದೆ ಕೈಯಲ್ಲೇ ಹೊಲಿದ. "ತೋಳು ಒಂದೀಟು ಸಡಲ ಬಿಟ್ಟೇನಿ, ನೀಲಗಂಗಾ. ನಿನಗ ಕೈ ಆಡಸೂ ರೂಢಿ," ಅಂದ.

ಶುಕ್ರವಾರ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ಅವಳು. ನಾನು ಅಂದುಕೊಂಡದ್ದಕ್ಕಿಂತ ಕುಳ್ಳಿ. ಕಿವಿಯ ಹತ್ತಿರ ಕೂದಲು ನರೆತಿತ್ತು.

"ನೀವೇನಾ?" ಅಂದಳು.

"ನಾನ," ಅಂದೆ.

ಅವಳು ಕೆಲಸಕ್ಕೆ ತೊಡಗಿದಳು. ಬಿಸಿ ನೀರಲ್ಲಿ ಅದ್ದಿ ಹಿಂಡಿದ ವಸ್ತ್ರ ಕೊಟ್ಟಳು. ಬಾಟಲಿಯ ಕತ್ತಿಗೆ ಬಿಳಿ ಬಟ್ಟೆ ಸುತ್ತಿ, ಬಿರಡೆಯನ್ನಲ್ಲ, ಬಾಟಲಿಯನ್ನೇ ಮೆಲ್ಲಗೆ ತಿರುಗಿಸಿದಳು. ನಿಟ್ಟುಸಿರಿನಷ್ಟು ಸದ್ದಾಯಿತು. ಗ್ಲಾಸಿನಲ್ಲಿ ಗುಳ್ಳೆಗಳು ತಳದಿಂದ ಸಾಲಾಗಿ ಎದ್ದು ಬಂದವು. ಪುಡಿ ಮಾಡಿದ ಮಂಜುಗಡ್ಡೆಯ ಮೇಲೆ ಗಾಜಿನ ಬಟ್ಟಲು, ಅದರಲ್ಲಿ ಕರೀ ತತ್ತಿ. ಕಾಮಕಸ್ತೂರಿ ಎಲ್ಲಿ, ಇದೆಲ್ಲಿ! ಇದಕ್ಕೆ ಒಂದು ಹೊಳಪಿತ್ತು, ಕಣ್ಣಿನ ಪಾಪೆಗೆ ಇರುವಂಥದ್ದು. ಆಗ ನನ್ನ ಯಜಮಾನರು ನೆನಪಾದರು. ಪಾಪ, ಅವರು ಇದನ್ನು ಯಾವ ಮಾತಿನಲ್ಲಿ ಹೇಳಬೇಕಿತ್ತು? ಕಿಟಕಿಯ ಕೆಳಗೆ ಊರು ಚಿಕ್ಕದಾಗಿ, ಹೊಲಗಳು ಕೌದಿಯಂತೆ ತೇಪೆ ತೇಪೆಯಾಗಿ ಹರಡಿದ್ದವು. ಪಕ್ಕಕ್ಕೆ ತಿರುಗಿ, "ನೋಡಿದ್ರೇನು," ಎಂದು ಯಾರಿಗಾದರೂ ಹೇಳೋಣವೆಂದರೆ ಪಕ್ಕದಲ್ಲಿ ಆಸನವೇ ಇರಲಿಲ್ಲ. ಅವಳು ಹಿಂದೆ ನಿಂತಿದ್ದಳು, ಕೈ ಕಟ್ಟಿಕೊಂಡು.

"ಕೂಡ್ರಿ ನೀವೂ," ಅಂದೆ.

"ನಾನು ಕೂರುವಂತಿಲ್ಲ."

"ಯಾರು ಹೇಳ್ಯಾರ?"

"ಯಾರೂ ಹೇಳಿಲ್ಲ. ಕೂರಲು ಇನ್ನೊಂದು ಕುರ್ಚಿ ಇಲ್ಲವಲ್ಲ."

"ನಮ್ಮ ಖಾನಾವಳ್ಯಾಗ ಮೊದಲು ಕುರ್ಚಿ ಎಲ್ಲಿದ್ವು?" ಎಂದು ನಾನು ಆಸನದಿಂದ ಇಳಿದು, ನಡುವಿನ ಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಬಟ್ಟಲು, ದೋಸೆ, ಕೆನೆ ಎಲ್ಲ ಕೆಳಗಿಳಿಸಿದೆ. ಡಬ್ಬಿ ಬಿಚ್ಚಿದೆ. ಅವಳು ಅತ್ತ ಇತ್ತ ನೋಡಿದಳು, ಆ ವಿಮಾನದಲ್ಲಿ ನೋಡುವವರು ಯಾರಿದ್ದಾರೋ. ಆಮೇಲೆ ಬೂಟು ಕಳಚಿ ಒಂದು ಬದಿಗಿಟ್ಟು, ನನ್ನ ಎದುರು ಕೂತಳು. ಕೂತವಳೇ, "ಅಮ್ಮಾ," ಎಂದು ಉಸಿರು ಬಿಟ್ಟಳು.

"ನನಗ ಆ ತತ್ತಿ ನಡಿಯೂದಿಲ್ರಿ. ನೀವ ತಿನ್ರಿ."

"ನಾನು ತಿಂದಿಲ್ಲ."

"ಇವತ್ತು ತಿಂದಿಲ್ಲೇನು?"

"ಯಾವತ್ತೂ ತಿಂದಿಲ್ಲ. ಅದು ಪ್ರಯಾಣಿಕರದು. ರುಚಿ ಹೇಗಿದೆ ಅಂತ ಯಾರಾದರೂ ಕೇಳಿದರೆ ಬಾಯಿಗೆ ಬಂದದ್ದು ಹೇಳುತ್ತೇನೆ."

ನಾನು ರೊಟ್ಟಿ ಮುರಿದು, ಕೆನೆ ಸವರಿ, ಚಿಪ್ಪಿನ ಚಮಚದಿಂದ ತತ್ತಿ ಇಟ್ಟು ಅವಳ ಮುಂದೆ ಹಿಡಿದೆ. ಕೈಯಲ್ಲಿ ತೆಗೆದುಕೊಳ್ಳಲು ಹಿಂಜರಿದಳು. ಆಮೇಲೆ ತೆಗೆದುಕೊಂಡಳು. ನಾನು ಕಲಿಸಿದ ನೂರಾರು ಜನರಿಗಿಂತ ಕೆಟ್ಟದಾಗಿ, ಕರುಂ ಕರುಂ ಅಂತ ಜಗಿದಳು. ಕಣ್ಣು ಮುಚ್ಚಿಕೊಂಡಳು.

"ಹೆಂಗೈತಿ?"

"ಉಪ್ಪು," ಅಂದಳು. "ಆಮೇಲೆ... ಆಮೇಲೆ ಏನೋ ಇದೆ. ತಡೆಯಿರಿ." ಅದೇನೆಂದು ತಿಳಿಯಲು ಇನ್ನೊಂದು ತುಂಡು ತೆಗೆದುಕೊಂಡಳು.

ನಾನು ಗುಳ್ಳೆನೀರನ್ನು ತುಟಿಗೆ ಮುಟ್ಟಿಸಿದೆ, ಸುಳ್ಳು ಯಾಕೆ ಹೇಳಲಿ. ಮೂಗಿನಲ್ಲಿ ಇರುವೆ ಹರಿದಂತಾಯಿತು. ಅವಳು ನಕ್ಕಳು. ಮಾತು ಶುರುವಾದದ್ದು ಆಗ. ಖಾನಾವಳಿಯ ಗಿರಾಕಿಗಳಲ್ಲಿ ಯಾರು ರೊಟ್ಟಿಗೆ ಹೆಸರಿಡುತ್ತಾರೆ, ವಿಮಾನದಲ್ಲಿ ಯಾರು ಅತ್ತರು, ಯಾರು ಚಮಚ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ನಡುವೆ ನಾನು ಕೇಳಿದೆ, "ಅಲ್ರಿ, ನಿಮ್ಮ ಸರದಿ ಯಾವಾಗ?"

"ಹೆಸರು ಕೂಗುವವಳು ನಾನು. ನನ್ನ ಹೆಸರು ಯಾರು ಕೂಗಬೇಕು?" ಎಂದು ಹಗುರವಾಗಿ ಅಂದು, ರೊಟ್ಟಿಯ ಚೂರನ್ನು ಬೆರಳಲ್ಲಿ ಒತ್ತಿ ಬಾಯಿಗಿಟ್ಟುಕೊಂಡಳು.

"ಹೆಸರರ ಏನು ನಿಮ್ದು?"

"ಕುಮುದಿನಿ." ಹೇಳಿ, ಆ ಹೆಸರನ್ನು ತಾನೇ ಇನ್ನೊಮ್ಮೆ ಮೆಲ್ಲಗೆ ಅಂದುಕೊಂಡಳು. "ಕೇಳಿದವರೇ ಇಲ್ಲ ನೋಡಿ."

ಸಂಜೆ ವಿಮಾನ ಇಳಿಯಿತು. ಬಾಗಿಲು ತೆರೆಯಿತು. ಬಯಲ ತುಂಬ ಜನ. ಎಲ್ಲರಿಗಿಂತ ಮುಂದೆ, ಗ್ಯಾನೋಬನ ಹೆಗಲಿಗೆ ಭಾರ ಬಿಟ್ಟು ಏಕನಾಥಣ್ಣ ನಿಂತಿದ್ದ, ತನ್ನ ಹೆಸರನ್ನು ಕಿವಿಯಾರೆ ಕೇಳಲಿಕ್ಕೆ. ಕುಮುದಿನಿ ಬೂಟು ಹಾಕಿಕೊಂಡು, ಕೂದಲು ಸರಿಮಾಡಿಕೊಂಡು, ನೆಟ್ಟಗೆ ನಿಂತಳು. "ಮುಂದಿನ ಶುಕ್ರವಾರ..." ಅಂದು ಉಸಿರೆಳೆದುಕೊಂಡಳು. ಆ ಒಂದು ಉಸಿರಿನ ಸಂದಿನಲ್ಲಿ, ಅವಳ ಬೆನ್ನ ಹಿಂದಿನಿಂದ ಒಂದು ದನಿ, "ಕುಮುದಿನಿ!" ಎಂದು ಕೂಗಿತು. ಅದು ನನ್ನ ದನಿ. ಮೊದಲೇ ಯೋಚಿಸಿದ್ದೆನೆಂದು ಹೇಳಲಾರೆ. ಯೋಚಿಸಿದ್ದರೆ ಏಕನಾಥಣ್ಣನ ಮುಖ ನೆನಪಾಗಿ ಬಾಯಿ ಕಟ್ಟುತ್ತಿತ್ತು.

ಕುಮುದಿನಿ ತಿರುಗಿ ನನ್ನನ್ನು ನೋಡಿದಳು. ಆ ಬಾಗಿಲಿನಿಂದ ಹೆಸರು ಕೂಗಿಸಿಕೊಂಡವರು ಒಂದು ವಾರ ಕೆಳಗೆ, ಊರಲ್ಲಿದ್ದು, ಆಮೇಲೆ ವಿಮಾನ ಹತ್ತಬೇಕು. ಹಾಗಾಗಿ ಅವಳು ಒಂದು ಮೆಟ್ಟಿಲು ಇಳಿದಳು. ಇನ್ನೊಂದು ಇಳಿದಳು. ನಾನು ಅವಳ ಹಿಂದೆ ಇಳಿದೆ. ನಮ್ಮಿಬ್ಬರ ಪಾದ ನೆಲಕ್ಕೆ ತಾಗಿದ್ದೇ ತಡ, ಮೆಟ್ಟಿಲು ಮಡಚಿಕೊಂಡಿತು, ಬಾಗಿಲು ತಾನೇ ಮುಚ್ಚಿತು, ಅವಳಿಲ್ಲದೆಯೇ ವಿಮಾನ ಹೊರಟುಹೋಯಿತು.

"ಕಾಕೂ, ಏನ್ ಮಾಡಿದ್ರಿ?" ಗ್ಯಾನೋಬ ಚೀರಿದ. "ನಮ್ಮಪ್ಪನ ಹೆಸರು ನುಂಗಿಬಿಟ್ರಲ್ಲ."

ನಾನು ಏಕನಾಥಣ್ಣನ ಕಡೆ ನೋಡಲಾರದೆ ನೆಲ ನೋಡಿದೆ. ಜನ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಆಕೆ ಇಲ್ಲದೆ ವಿಮಾನ ಇನ್ನು ಬರುತ್ತದೆಯೆ? ಬರದಿದ್ದರೆ ಇನ್ನೂ ಹೋಗದವರ ಗತಿ? ಅಕ್ಕಸಾಲಿ ಮೌನೇಶಪ್ಪ ಊರಿಗೆಲ್ಲ ಹಿರಿಯ. ಅವನು ನನ್ನ ಎದುರಿಗೇ ಬಂದು ಹೇಳಿದ, "ನಿನ್ನ ಹೊಟ್ಟಿ ತುಂಬಿತು. ಊರಿನ ಹೊಟ್ಟಿ ಮ್ಯಾಲೆ ಹೊಡದಿ."

ಆ ವಾರ ಖಾನಾವಳಿಗೆ ಗಿರಾಕಿಗಳು ಬರಲಿಲ್ಲ. ಬಡಿದ ರೊಟ್ಟಿ ಬುಟ್ಟಿಯಲ್ಲೇ ಒಣಗಿದವು. ಕುಮುದಿನಿ ಮೂಲೆಯಲ್ಲಿ ಗೋಡೆಗೊರಗಿ ನಿಂತಿರುತ್ತಿದ್ದಳು. ಕೂರು ಎಂದರೆ ಕೂರುವಳು. ಬಾಗಿಲ ಕಡೆ ನೆರಳಾದರೆ ಸಾಕು, ಎದ್ದು ನಿಲ್ಲುವಳು. ತಾಟು ಮುಂದಿಟ್ಟರೆ ಅದನ್ನು ಎತ್ತಿ ನನಗೇ ಕೊಡಲು ಬರುವಳು. "ನಾನು ಇಳಿಯಬಾರದಿತ್ತು," ಎಂದು ಒಮ್ಮೆ ಅಂದಳು. "ನಾ ಕೂಗಬಾರದಿತ್ತು," ಅಂದೆ. ಇಬ್ಬರೂ ಕೂತು ಶೇಂಗಾ ಸುಲಿದೆವು. ಅವಳಿಗೆ ಅದೂ ಬರುತ್ತಿರಲಿಲ್ಲ. ಗೋಡೆಯಾಚೆ ಏಕನಾಥಣ್ಣ ಕೆಮ್ಮುವುದು ಕೇಳಿಸುತ್ತಿತ್ತು. ಪ್ರತಿ ಕೆಮ್ಮಿಗೂ ನನ್ನ ಕೈ ನಿಲ್ಲುತ್ತಿತ್ತು. ಅವನೇನಾದರೂ ಈ ವಾರ ಹೋಗಿಬಿಟ್ಟರೆ ಆ ಗೋಡೆಯ ಪಕ್ಕದಲ್ಲಿ ನಾನು ಹೇಗೆ ಬದುಕಲಿ?

ಸೋಮವಾರ ಬೆಳಿಗ್ಗೆ ಖಾನಾವಳಿಯ ಬಾಗಿಲಲ್ಲಿ ನೆರಳು ಬಿತ್ತು. ಕುಮುದಿನಿ ಎದ್ದು ನಿಂತಳು. ಏಕನಾಥಣ್ಣ ಬಂದಿದ್ದ, ಮಗನ ತೋಳು ಹಿಡಿದು. ಅವನ ಕೊರಳಲ್ಲಿ ಅಳತೆಯ ಟೇಪು ಇತ್ತು.

"ಅಳತಿ ತಗೋಬೇಕು," ಅಂದ.

"ಯಾರದು?" ಅಂದೆ ನಾನು.

"ಸರದಿ ಯಾರದೈತೋ ಅವರದು."

ಗ್ಯಾನೋಬ, "ಅಪ್ಪಾ, ಈಕಿಗಾ? ನಿನ್ನ ಸರದಿ ತಿಂದಾಕಿಗಾ?" ಅಂದ.

"ಈಕಿ ಏನ್ ತಿಂದಾಳ್ಲೇ? ಹೆಸರ ಕರದ್ರು, ಬಂದ್ಲು. ಸರದಿ ಯಾರದರ ಇರ್ಲಿ, ಹೊಲಿಯೂದು ನಂದು." ಮಾತಿಗೊಮ್ಮೆ ಅವನ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನಾನು ಬೆಂಚು ಎಳೆದು ಕೂರಿಸಿದೆ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅವನು ಬೈದ. "ಯಾಕ ಅಳ್ತೀಯ ಹುಚ್ಚಿ? ಹೆಸರು ಕರದ್ರ ಹೋಗಬೇಕು. ನನ್ನ ಇನ್ನೂ ಕರದಿಲ್ಲ. ಕರಿಯೂತನಕ ನಾ ಎಲ್ಲಿ ಹೋಗ್ಲಿ?"

ಕುಮುದಿನಿಗೆ ಅಳತೆ ಕೊಡುವಾಗ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸಮವಸ್ತ್ರ ಬಿಟ್ಟು ಬೇರೆ ಏನು ಇಷ್ಟ ಎಂದು ಅವನು ಕೇಳಿದಾಗ ಅದೂ ತಿಳಿಯಲಿಲ್ಲ. ಕೊನೆಗೆ ಅವನೇ, ನಾನು ಉಡಲು ಕೊಟ್ಟ ಸೀರೆಗೆ ಒಪ್ಪುವಂತೆ, ಕುಪ್ಪಸಕ್ಕೆ ಹಸಿರು ಖಣದ ಬಟ್ಟೆ ಆರಿಸಿದ. ಭುಜದ ಅಳತೆ ತೆಗೆದುಕೊಳ್ಳುವಾಗ, "ಎಡ ಹೆಗಲು ಇಳದೈತವ್ವಾ. ತಟ್ಟಿ ಎತ್ತಿ ಎತ್ತಿ ಹಿಂಗಾಗೈತಿ. ನಾ ಸರಿ ಮಾಡ್ತೇನಿ, ಯಾರಿಗೂ ಗೊತ್ತಾಗೂದಿಲ್ಲ," ಅಂದ. ಗ್ಯಾನೋಬ ಮುಖ ಗಂಟು ಹಾಕಿಕೊಂಡೇ ಅಳತೆಗಳನ್ನು ಬಾಯಲ್ಲಿ ಗುಣಗುಣ ಹೇಳಿಕೊಳ್ಳುತ್ತ ನೆನಪಿಟ್ಟುಕೊಂಡ. ಸಂಜೆ ಗೋಡೆಯಾಚೆ ಮಷೀನಿನ ಸದ್ದು ಕೇಳಿತು. ಆ ಸದ್ದು ಕೇಳದೆ ತಿಂಗಳುಗಳಾಗಿದ್ದವು.

ಗುರುವಾರ ಮಧ್ಯಾಹ್ನ ನಾನು ಕುಮುದಿನಿಗೆ ಪಾಠ ಮಾಡಿದೆ. ಗ್ಲಾಸು ಹಿಡಿಯುವುದನ್ನು ಅವಳಿಗೆ ಏನು ಕಲಿಸುವುದು? ಕಲಿಸಿದ್ದು ಒಂದೇ, ಕೂತಿರುವುದು. ಬಡಿಸುವವರು ಬಂದಾಗ ಏಳಬಾರದು, ಬಟ್ಟಲು ಕಸಿದುಕೊಳ್ಳಬಾರದು, ಸಾಕೋ ಬೇಕೋ ಅಷ್ಟು ಹೇಳಬೇಕು. ಅವಳು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು, ತುಂಬಿದ ಬಂಡಿಯಲ್ಲಿ ಕೂತವರಂತೆ.

ಶುಕ್ರವಾರ ಇಡೀ ಊರು ಬಯಲಿನಲ್ಲಿತ್ತು. ಏಕನಾಥಣ್ಣನನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತು ತಂದಿದ್ದರು. ಬಿಸಿಲು ಏರಿತು. ಆಕಾಶ ಖಾಲಿ. ಮೌನೇಶಪ್ಪ ಕೈಯನ್ನು ಹುಬ್ಬಿಗಿಟ್ಟು ನೋಡಿ ನೋಡಿ, ಕೊನೆಗೆ ನನ್ನ ಕಡೆ ತಿರುಗಿದ. ಅವನು ಬಾಯಿ ತೆರೆಯುವ ಮೊದಲೇ ಯಾರೋ ಹೆಂಗಸು, "ಅಗೋ," ಅಂದಳು. ಪಡುವಣದ ಗುಡ್ಡದ ಮೇಲೆ ಅದು ಮಿಂಚಿತು. ಎಂದಿಗಿಂತ ತಡವಾಗಿ, ಎಂದಿಗಿಂತ ಹೆಚ್ಚು ಓಲಾಡುತ್ತ, ಅಂತೂ ಬಂದು ಇಳಿಯಿತು. ಜನರ ಎದೆಯಿಂದ ಹೊರಟ ಉಸಿರಿಗೆ ಕಣದ ಹೊಟ್ಟು ಹಾರಿತೇನೋ.

ಬಾಗಿಲು ತೆರೆಯಿತು. ಅಲ್ಲಿ ಯಾರೂ ಇರಲಿಲ್ಲ.

ಹಸಿರು ಖಣ ತೊಟ್ಟ ಕುಮುದಿನಿ ಎರಡು ಮೆಟ್ಟಿಲು ಹತ್ತಿ ನಿಂತಳು. "ಒಳಗೆ ಯಾರೂ ಇಲ್ಲ," ಅಂದಳು. "ಬಡಿಸುವವರು ಯಾರು?" ಅವಳ ಕೈ ಆಗಲೇ ತೋಳು ಮಡಚಿಕೊಳ್ಳಲು ಹೊರಟಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ನಾ ಬರ್ತೇನಿ," ಅಂದೆ.

"ನಿಂದು ಮುಗದೈತಿ," ಎಂದ ಮೌನೇಶಪ್ಪ. "ಎರಡನೇ ಸಲ ಯಾರಿಗೂ ಇಲ್ಲ."

ಹೊರಸಿನ ಮೇಲಿಂದ ಏಕನಾಥಣ್ಣ ತಲೆ ಎತ್ತಿದ. "ಉಣ್ಣಾಕ ಒಮ್ಮೆ ಅಷ್ಟ, ಮೌನೇಶಪ್ಪ. ಬಡಸಾಕ ಎಷ್ಟ ಸಲ ಹೋದ್ರ ಏನು? ನಿಮ್ಮ ಮನಿ ಮದುವ್ಯಾಗ ಬಡಸಾಕ ಬಂದವರನ್ನ ಎಣಿಸಿದ್ದೇನು? ಹೋಗ ನೀಲಗಂಗಾ."

ಮೌನೇಶಪ್ಪ ಮೀಸೆ ಸವರಿಕೊಂಡು ಪಕ್ಕಕ್ಕೆ ಸರಿದ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ. ಮಡಚಿಕೊಳ್ಳುತ್ತದೆಯೇನೋ ಎಂದು ಜೀವ ಕೈಯಲ್ಲಿ ಹಿಡಿದಿದ್ದೆ. ಅದು ಅಲುಗಾಡಲಿಲ್ಲ.

ನಾನು ತೆಗೆದ ಬಿರಡೆ ನಿಟ್ಟುಸಿರು ಬಿಡಲಿಲ್ಲ. ಢಂ ಅಂದು ಮೇಲಿನ ತಗಡಿಗೆ ಬಡಿದು ಎಲ್ಲೋ ಹೋಯಿತು. ನೊರೆ ನನ್ನ ಮೊಣಕೈ ತನಕ ಹರಿಯಿತು. ಕುಮುದಿನಿ ಒರೆಸಲು ಎದ್ದಳು. "ಕೂಡ್ರವ್ವಾ!" ಎಂದು ಗದರಿದೆ. ಕೂತಳು. ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಷ್ಟು ವರ್ಷ ಆ ವಿಮಾನದಲ್ಲಿ ಹಾರಿದವಳು, ಕಿಟಕಿಯನ್ನು ಕಂಡದ್ದು ಬೇರೆಯವರ ಹೆಗಲ ಮೇಲಿಂದ ಮಾತ್ರ. ಈಗ ಗಾಜಿಗೆ ಹಣೆ ಹಚ್ಚಿದವಳು ಗ್ಲಾಸನ್ನೇ ಮರೆತಳು. "ಅದು ಯಾವ ಕೆರೆ? ಅಲ್ಲಿ ಯಾರೋ ಬಟ್ಟೆ ಒಣಹಾಕಿದ್ದಾರೆ ನೋಡಿ, ಬನ್ನಿ, ಬೇಗ," ಎಂದು ನನ್ನ ಕೈ ಹಿಡಿದೆಳೆದಳು. ನಾನೂ ಬಗ್ಗಿ ನೋಡಿದೆ. ಇಬ್ಬರೂ ನೋಡಿದೆವು. ಬಿಳಿ ಬಟ್ಟೆ ಕೆಂಪು ಮಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಕಾಣುತ್ತಿತ್ತು.

ತತ್ತಿ ಬಡಿಸಿದೆ. ನನ್ನ ಖಾನಾವಳಿಯಲ್ಲಿ ಒಂದೇ ಸಲ ಹಾಕಿಸಿಕೊಂಡು ಎದ್ದವರಿಲ್ಲ.

"ಇನ್ನೊಂದೀಟು?"

ಅವಳ ಬಾಯಿ ಬೇಡ ಅನ್ನಲು ಹೋಯಿತು. ಆಮೇಲೆ ಬಟ್ಟಲನ್ನು ಮುಂದೆ ಚಾಚಿದಳು. "ಹಾಕಿ," ಅಂದಳು.

ಸಂಜೆ ಇಳಿದಾಗ ಬಾಗಿಲಲ್ಲಿ ಅವಳನ್ನು ಮುಂದೆ ಮಾಡಿದೆ. ಅವಳು ಹಿಂದೆ ಸರಿದಳು. "ನೆಲ ಮುಟ್ಟುವ ತನಕ ನಾನು ಪ್ರಯಾಣಿಕಳು. ನೀವೇ ಕೂಗಿ." ನಾನು ಕೆಳಗೆ ನೋಡಿದೆ. ಹೊರಸು ಇತ್ತು. ಹೊರಸಿನ ಮೇಲೆ ಏಕನಾಥಣ್ಣ ಇದ್ದ. ನಮ್ಮನ್ನು ನೋಡಿ ಕೈ ಎತ್ತಿದ. "ಮುಂದಿನ ಶುಕ್ರವಾರ, ಏಕನಾಥ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವನ ಪಕ್ಕದಲ್ಲಿ ಗ್ಯಾನೋಬ ಮುಖ ಮುಚ್ಚಿಕೊಂಡು ನಿಂತಿದ್ದ. ಅವನನ್ನು ನೋಡಿ ಇನ್ನೊಂದು ಹೆಸರು ಬಾಯಿಗೆ ಬಂತು. "ಬಡಸಾಕ, ಗ್ಯಾನೋಬ!"

ಆ ವಾರ ನನ್ನ ಖಾನಾವಳಿಯಲ್ಲಿ ಎರಡು ಪಾಠ ನಡೆದವು. ಒಂದು ಬೆಂಚಿನಲ್ಲಿ ಏಕನಾಥಣ್ಣನಿಗೆ ನಾನು. ಇನ್ನೊಂದರಲ್ಲಿ ಗ್ಯಾನೋಬನಿಗೆ ಕುಮುದಿನಿ. ಗಿರಾಕಿಗಳು ಊಟಕ್ಕೆಂದು ಬಂದು ನೋಡುತ್ತ ನಿಂತುಬಿಡುತ್ತಿದ್ದರು. "ಬಿರಡೆ ತಿರುಗಿಸಬೇಡಿ, ಬಾಟಲಿ ತಿರುಗಿಸಿ," ಎಂದು ಅವಳು, "ಗೊತ್ತಾತ್ರಿ," ಎಂದು ಇವನು. ಸೋಡಾ ಬಾಟಲಿಗಳ ಮೇಲೆ ರೂಢಿ ಮಾಡಿ ಮಾಡಿ ಅವನ ಅಂಗಿಯೆಲ್ಲ ತೊಯ್ದಿತ್ತು. ಬುಧವಾರ, ಯಾರೂ ಇಲ್ಲದಾಗ, ಅವನು ಒಲೆಯ ಬಳಿ ಬಂದು, "ಕಾಕೂ, ಎರಡು ರೊಟ್ಟಿ ಕೊಡ್ರಿ," ಅಂದ. ಕೊಟ್ಟೆ. ನಿಂತೇ ತಿಂದ.

ಶುಕ್ರವಾರ ಏಕನಾಥಣ್ಣನನ್ನು ಮಗನೇ ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತಿದ. ಅಪ್ಪ ತನಗಾಗಿ ಹೊಲಿದುಕೊಂಡ ಅಂಗಿ ಒಂಚೂರು ದೊಗಳೆಯಾಗಿತ್ತು. ಹೊಲಿದ ಮೇಲೂ ಅವನು ಸೊರಗಿದ್ದ. ಬಾಗಿಲು ಹಾಕಿದ ಮೇಲೆ ಕುಮುದಿನಿ ಬಯಲಿನಲ್ಲೇ ನಿಂತಳು. ಅವಳಿಲ್ಲದೆ ವಿಮಾನ ಹಾರುವುದನ್ನು ಅವಳು ನೋಡಿದ್ದು ಇದು ಮೂರನೆಯ ಸಲ. ಮೊದಲ ಸಲ ಅವಳ ಮುಖ ಬಿಳಿಚಿತ್ತು. ಈ ಸಲ, "ಮಂಜುಗಡ್ಡೆ ಕರಗುವ ಮೊದಲು ತತ್ತಿ ತೆಗೆಯಬೇಕು, ಅದನ್ನು ಹೇಳಿದೆನೋ ಇಲ್ಲವೋ," ಎಂದು ಚಡಪಡಿಸುತ್ತಿದ್ದಳು. ಆಮೇಲೆ ನನ್ನ ಜೊತೆ ಮನೆಗೆ ಬಂದು ರೊಟ್ಟಿ ಬಡಿಯಲು ಕೂತಳು. ಅವಳ ರೊಟ್ಟಿ ಇನ್ನೂ ನಕ್ಷೆಯಂತೆ ಮೂಲೆ ಮೂಲೆಯಾಗಿ ಬರುತ್ತಿತ್ತು.

ಸಂಜೆ ವಿಮಾನ ಇಳಿದು ಬಾಗಿಲು ತೆರೆದಾಗ ನಾವೆಲ್ಲ ಕುತ್ತಿಗೆ ಚಾಚಿದೆವು. ಹಿಂದೆಲ್ಲ ಹೋಗಿ ಬಂದವರು ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು, ಹೇಳಲು ಮಾತು ಹುಡುಕುತ್ತ, ಸಿಗದೆ ಇಳಿಯುತ್ತಿದ್ದರು. ಇವರು ಹಾಗೆ ನಿಲ್ಲಲಿಲ್ಲ. ಏಕನಾಥಣ್ಣ ಮಗನ ಭುಜ ಹಿಡಿದು, ತನ್ನ ಕಾಲಲ್ಲೇ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ. ಇಬ್ಬರ ಬಾಯಿಯೂ ನಿಂತಿರಲಿಲ್ಲ.

"ಹಳ್ಳ ಅಪ್ಪಾ ಅದು. ನೀರು ಹೊಳಿಯಾಕತ್ತಿತ್ತು, ನಾ ನೋಡೇನಿ."

"ಕುರುಡ ಅದೀಯೇನ್ಲೇ? ಹಳ್ಳ ಅಷ್ಟು ನೆಟ್ಟಗಿರತೈತೇನು? ರಸ್ತಾ ಅದು, ಡಾಂಬರು ರಸ್ತಾ."

"ರಸ್ತಾದಾಗ ಕೊಕ್ಕರಿ ಇರ್ತಾವೇನು?"

"ಕೊಕ್ಕರಿ ಎಲ್ಲಿದ್ವು? ಅವು ಮೈಲಿಗಲ್ಲು!"

ಮುಂದಿನ ಹೆಸರು ಕೂಗುವುದನ್ನೇ ಮರೆತಿದ್ದರು. ಜನ ನೆನಪಿಸಿದ ಮೇಲೆ ಗ್ಯಾನೋಬ ಓಡಿ ಮೇಲೆ ಹೋಗಿ ಅತ್ತಾರರ ಹುಸೇನಬಿಯ ಹೆಸರು ಕೂಗಿ, ಅದೇ ಓಟದಲ್ಲಿ ಕೆಳಗಿಳಿದು ಬಂದು, ಅಪ್ಪನ ಎದುರು ನಿಂತು, "ಮೈಲಿಗಲ್ಲು ಹಾರಿ ಹೋಗ್ತಾವೇನು ಹಂಗಾರ?" ಅಂದ. ಏಕನಾಥಣ್ಣ ಕೆಮ್ಮುತ್ತ, ನಗುತ್ತ, ಹೊರಸು ಬೇಡವೆಂದು ಕೈಯಾಡಿಸಿ, ಮಗನಿಗೆ ಉತ್ತರ ಕೊಡುತ್ತಲೇ ನಡೆದ. ಊರಿನ ಜನ ಅವರ ಹಿಂದೆ ಹಿಂದೆ, ಒಬ್ಬರೂ ತುಟಿ ಬಿಚ್ಚದೆ, ಕೇಳುತ್ತ ಬಂದರು. ಮೌನೇಶಪ್ಪನೂ ಸರಿಯಾಗಿ ಕೇಳಲೆಂದು ಕಿವಿಯ ಹಿಂದೆ ಕೈಯಿಟ್ಟುಕೊಂಡು ಬರುತ್ತಿದ್ದ.

ನನ್ನ ಪಕ್ಕದಲ್ಲಿ ಕುಮುದಿನಿ ಹೆಜ್ಜೆ ಚುರುಕು ಮಾಡಿದಳು. ಆ ದಾರಿಯಲ್ಲಿ ಎಷ್ಟು ಸಲ ಹಾರಿದವಳು ಅವಳು! "ಅದು ಹಳ್ಳವೂ ಅಲ್ಲ, ರಸ್ತೆಯೂ ಅಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿ, ಅವರಿಗೆ ತಿಳಿಸಲು ಮುಂದೆ ಹೊರಟಳು. ನಾನು ಅವಳ ಸೆರಗು ಹಿಡಿದು ಜಗ್ಗಿದೆ.

"ಸುಮ್ನಿರವ್ವಾ," ಅಂದೆ. "ಆಡ್ಲಿ ಜಗಳ."